ಮಂಗಳವಾರದ ಕರಿ ಚಹ

ಮಂಗಳವಾರ ನಾನು ಚಹಕ್ಕೆ ಹಾಲು ಹಾಕಿಸಿಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು. ಬೆಳಗಾಗುತ್ತಲೇ ತಂಗಿಯ ಸೊಸೆ ಕರಿ ಚಹದ ಲೋಟವನ್ನು ಜಗಲಿಯ ಕಟ್ಟೆಯ ಮೇಲಿಟ್ಟು ಸುಮ್ಮನೆ ಹೋಗುತ್ತಾಳೆ. ಯಾಕೆ ಎಂದು ಕೇಳುವುದನ್ನು ಅವಳು ಬಿಟ್ಟು ಬಹಳ ವರ್ಷವಾಯಿತು. ಮೊನ್ನೆ ಅವಳ ತವರಿನಿಂದ ಬಂದಿದ್ದ ಚಿಕ್ಕಮ್ಮ ಮಾತ್ರ ಬಿಡಲಿಲ್ಲ.

“ಎಂತ ಅಕ್ಕಾ, ಸಕ್ಕರೆ ಕಾಯಿಲೆಗೆ ಹಾಲೂ ಬಿಡ್ಬೇಕಾ?”

“ಸಕ್ಕರೆ ಕಾಯಿಲೆ ಅಲ್ಲ. ಹರಕೆ.”

“ಯಾವ ದೇವರಿಗೆ?”

ಇದೇ ಪ್ರಶ್ನೆಯನ್ನು ಬಹಳ ವರ್ಷದ ಹಿಂದೆ ಇನ್ನೊಬ್ಬಳು ಕೇಳಿದ್ದಳು. ಚಹ ಆರುತ್ತದೆ ಎಂಬ ನೆಪ ಹೇಳಿ ಲೋಟ ಎತ್ತಿಕೊಂಡು ಹಿತ್ತಿಲಿಗೆ ನಡೆದೆ. ಕರಿ ಚಹ ಆರಿದರೆ ಏನೂ ನಷ್ಟವಿಲ್ಲ. ಅದು ಬಿಸಿಯಾಗಿದ್ದಾಗಲೂ ಅಷ್ಟೇ ಕಹಿ.

ದೇವರ ವಿಷಯದಲ್ಲಿ ನಾನು ಅಂಥ ಕಟ್ಟುನಿಟ್ಟಿನವಳಲ್ಲ. ಕಟ್ಟುನಿಟ್ಟೆಲ್ಲ ಬೇರೆ ಕಡೆ ಖರ್ಚಾಗಿಹೋಯಿತು. ಟವೆಲನ್ನು ಅಂಚು ಒಳಗೆ ಬರುವಂತೆ ಮಡಿಸಬೇಕು. ಹಾಸಿಗೆಯ ಹೊದಿಕೆಯ ಮೂಲೆ ಲಕೋಟೆಯ ಮೂಲೆಯ ಹಾಗೆ ಕೂರಬೇಕು. ಕತ್ತರಿಯನ್ನು ಬಳಸಿದ ಮೇಲೆ ತೊಳೆದು, ಒರೆಸಿ, ಅದರದೇ ಮೊಳೆಗೆ ತೂಗಬೇಕು. ಈ ಮನೆಯ ಮಕ್ಕಳು ನನ್ನ ಕೋಣೆಗೆ ‘ಆಸ್ಪತ್ರೆ’ ಎಂದು ಹೆಸರಿಟ್ಟಿದ್ದಾರೆ. ನನಗೆ ಕಿವಿ ಕೇಳುವುದಿಲ್ಲ ಎಂದು ಅವರು ತಿಳಿದಿದ್ದಾರೆ. ಇದಕ್ಕೆಲ್ಲ ಮೂಲ, ನಾನು ಹುಬ್ಬಳ್ಳಿಯಲ್ಲಿ ಹೆರಿಗೆ ದಾದಿಯ ತರಬೇತಿಗೆ ಸೇರಿದಾಗ ನಮ್ಮ ಮೇಲಿದ್ದ ಮೇಟ್ರನ್ ಬಾಯಿ. ಅವರು ನಕ್ಕದ್ದನ್ನು ನಾವು ನೋಡಿಲ್ಲ. ಒಮ್ಮೆ ಎಲ್ಲ ಹಾಸಿಗೆಗಳೂ ಸರಿಯಾಗಿದ್ದಾಗ ಗಡಿಯಾರದ ಕಡೆ ನೋಡಿ ತುಟಿ ಸ್ವಲ್ಪ ಸಡಿಲಿಸಿದ್ದರಂತೆ. ಆ ದಿನ ನನಗೆ ಜ್ವರ ಬಂದು ಮಲಗಿದ್ದೆ. ತರಬೇತಿ ಮುಗಿಸಿ ಹೊರಡುವಾಗ ಅವರು ಹೇಳಿದ ಬುದ್ಧಿಮಾತು ಒಂದೇ. ಬರುತ್ತೇನೆ ಎಂದು ಹೇಳಿದ ದಿನ, ಹೇಳಿದ ಹೊತ್ತಿಗೆ ಬಾಗಿಲಲ್ಲಿರಬೇಕು; ಜನ ದಾದಿಯ ಮಾತನ್ನು ನಂಬುವುದಕ್ಕೆ ಮೊದಲು ಅವಳ ಹೊತ್ತನ್ನು ನಂಬುತ್ತಾರೆ. ನಾನು ನೌಕರಿ ಮಾಡಿದಷ್ಟು ಕಾಲವೂ, ಎರಡು ಸಲ ಬಿಟ್ಟು, ಈ ಮಾತನ್ನು ಪಾಲಿಸಿದೆ. ಅದರಿಂದ ಒಂದು ಮನೆಯಲ್ಲಿ ಆದ ಅನಾಹುತ ಏನೆಂದು ಹೇಳುವುದಕ್ಕೇ ಇಷ್ಟು ಪೀಠಿಕೆ.

ಆದರೆ ಚಹದ ವಿಷಯ ಮೊದಲು ಹೇಳಿಬಿಡಬೇಕು. ನನಗೆ ಚಹ ಎನ್ನುವುದು ಚಿಕ್ಕಂದಿನಿಂದಲೂ ಸರಳವಾದ ಪದಾರ್ಥವಾಗಿರಲಿಲ್ಲ. ನಮ್ಮ ತಂದೆ ಭಟ್ಕಳದ ಸರಕಾರಿ ಕಚೇರಿಯಲ್ಲಿ ಕಾರಕೂನರಾಗಿದ್ದರು. ನಮ್ಮ ಬಾಡಿಗೆ ಮನೆಯ ಗೋಡೆಗೆ ತಾಗಿಯೇ ನವಾಯತ ಮುಸಲ್ಮಾನರ ಮನೆ, ಅಲ್ಲಿ ಬೀಫಾತಿಮಾ ಅಜ್ಜಿ. ಎರಡು ಮನೆಗಳ ನಡುವೆ ಬಾಳೆಹಣ್ಣು, ಸಕ್ಕರೆ, ಹಸಿ ತೆಂಗಿನಕಾಯಿ, ಬೇಯಿಸದ ಅಕ್ಕಿ ಎಲ್ಲವೂ ಗೋಡೆಯ ಮೇಲಿನಿಂದ ಓಡಾಡುತ್ತಿದ್ದವು. ಒಲೆ ಮುಟ್ಟಿದ್ದು ಮಾತ್ರ ಓಡಾಡುತ್ತಿರಲಿಲ್ಲ. ಅದು ಅಮ್ಮನ ಕಾನೂನು. ಅಜ್ಜಿಗೂ ಅದು ಗೊತ್ತಿತ್ತು, ಕೋಪವೇನೂ ಇರಲಿಲ್ಲ. ನಾನು ಅವರ ಅಡುಗೆಮನೆಯ ಹೊಸ್ತಿಲಲ್ಲಿ ಕೂತರೆ, ಏಲಕ್ಕಿ ಹಾಕಿ ಕೆನೆ ಬರುವಂತೆ ಕುದಿಸಿದ ಚಹವನ್ನು ಮುಂದಿಟ್ಟು ಹೇಳುವರು: “ನಿನ್ನ ಅಮ್ಮ ಕುಡಿಯೂದಿಲ್ಲ. ಅದ್ಕೇ ಅವಳ ಪಾಲಿಂದೂ ನಿಂಗೇ.”

ಮನೆಗೆ ಬಂದರೆ ಅಮ್ಮ ಕೇಳುವಳು: “ಅಲ್ಲಿ ಎಂತ ಕುಡ್ದೆ?”

“ನೀರೂ ಕುಡೀಲಿಲ್ಲ.”

“ಹಂಗಾರೆ ಮೀಸೆ ಒರೆಸ್ಕೋ.”

ಮೇಲ್ತುಟಿಯ ಮೇಲೆ ಕೆನೆ ಹಾಗೇ ಇರುತ್ತಿತ್ತು. ಅಮ್ಮ ಬೈದದ್ದು ನೆನಪಿಲ್ಲ. ಒರೆಸಿಕೋ ಎಂದಳು, ಅಷ್ಟೇ. ಕಾನೂನು ಅವಳದು, ಕೆನೆ ನನ್ನದು. ಇಬ್ಬರೂ ಹೊಂದಿಕೊಂಡು ಹೋದೆವು.

ಹೀಗೆ ಬೆಳೆದವಳು ನಾನು, ಅರವತ್ತರ ದಶಕದ ನಡುವಿನಲ್ಲಿ ಹೊನ್ನಾವರ ಮತ್ತು ಕುಮಟೆಯ ನಡುವಿನ ಹಳ್ಳಿಗಳಿಗೆ ದಾದಿಯಾಗಿ ಬಂದಾಗ ಒಂದು ನಿರ್ಧಾರ ಮಾಡಿದೆ: ಯಾವ ಮನೆಯಲ್ಲಿ ಏನು ಕೊಟ್ಟರೂ ಕುಡಿಯಬೇಕು. ಯಾಕೆಂದರೆ ನನಗಿಂತ ಮೊದಲು ಇದ್ದ ದಾದಿ ಹೆಗಲಿಗೆ ಥರ್ಮಾಸು ನೇತುಹಾಕಿಕೊಂಡು ತಿರುಗುತ್ತಿದ್ದಳಂತೆ. ಯಾರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಜನ ಅವಳಿಗೆ ಏನೂ ಅನ್ನಲಿಲ್ಲ. ಅವಳನ್ನು ಅಂಗಳದಲ್ಲೇ ನಿಲ್ಲಿಸಿ, “ನಮ್ಮನೇಲಿ ಬಸುರಿ ಯಾರೂ ಇಲ್ಲ” ಎಂದು ಕಳಿಸುತ್ತಿದ್ದರು. ಒಳಗೆ ಆಗಲೇ ಯಾರಿಗೋ ನೋವು ಬಂದಿರುತ್ತಿತ್ತು. ನಾನು ಕುಡಿಯತೊಡಗಿದೆ, ಬಾಗಿಲುಗಳು ತೆರೆದವು. ಬೆಲ್ಲದ ಚಹ, ಶುಂಠಿ ಚಹ, ಹೊಗೆ ವಾಸನೆಯ ಚಹ, ಒಂದು ಮನೆಯಲ್ಲಿ ಉಪ್ಪು ಬಿದ್ದ ಚಹ. ಆ ನೌಕರಿಯ ಪಿಂಚಣಿ ನನ್ನ ಕೈಗೆ ಬರುವುದು ಸ್ವಲ್ಪ, ಹೊಟ್ಟೆಯ ಹುಳಿತೇಗಿಗೆ ಹೋಗುವುದೇ ಹೆಚ್ಚು.

ಕೆಲಸವೇನೆಂದರೆ ಹೇಳುವುದು. ಚುಚ್ಚುಮದ್ದು, ಹೆರಿಗೆ, ತೂಕ ಇವೆಲ್ಲ ಇದ್ದವು ನಿಜ. ಆದರೆ ಹೆಚ್ಚಿನ ಹೊತ್ತು ಹೋಗುತ್ತಿದ್ದದ್ದು ಹೇಳುವುದರಲ್ಲಿ. ಹೊಕ್ಕುಳ ಬಳ್ಳಿ ಕೊಯ್ಯುವ ಬ್ಲೇಡನ್ನು ಕುದಿಸಿ. ಹೊಕ್ಕುಳಿಗೆ ಬೂದಿ ಹಚ್ಚಬೇಡಿ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ, ಮಗುವಿಗೆ ಕೊಡಿ. ಬಾಣಂತಿಗೆ ನೀರು ಕೊಡಿ. ಒಂದು ಮಗುವಿಗೂ ಇನ್ನೊಂದಕ್ಕೂ ಮೂರು ವರ್ಷ ಅಂತರ ಇರಲಿ. ಒಂದೇ ಮಾತನ್ನು ಒಂದೇ ದನಿಯಲ್ಲಿ ಹೇಳುತ್ತ ಗದ್ದೆಯ ಬದುವಿನ ಮೇಲೆ ನಡೆದು ನಡೆದು, ಸಂಜೆ ಚಪ್ಪಲಿ ಕಳಚುವಾಗ ನನ್ನ ಮಾತು ನನಗೇ ಬೇರೆ ಯಾರದೋ ಮಾತಿನಂತೆ ಕೇಳಿಸುತ್ತಿತ್ತು. ನಿದ್ದೆಯಲ್ಲೂ ‘ಕುದಿಸಿ ಆರಿಸಿ’ ಎನ್ನುತ್ತಿದ್ದೆನಂತೆ. ಪಕ್ಕದಲ್ಲಿ ಮಲಗುತ್ತಿದ್ದ ತಂಗಿ ಹೇಳಿದ್ದು.

ಗರ್ಭಕೋಶದ ಚಿತ್ರವಿದ್ದ ಒಂದು ಬಟ್ಟೆಯ ಪಟ ನನಗೆ ಕೊಟ್ಟಿದ್ದರು. ಅದನ್ನು ಬಿಚ್ಚಿದ ಕೂಡಲೆ ಹೆಂಗಸರು ಹತ್ತಿರ ಬರುತ್ತಿದ್ದರು. ನನ್ನನ್ನು ಅವರು ಬಾಯೋರು ಎಂದು ಕರೆಯುತ್ತಿದ್ದರು.

“ಇದು ಎಮ್ಮೆ ಮೋರೆ ಅಲ್ದಾ ಬಾಯೋರೇ? ಕೋಡೂ ಅದೆ.”

“ಅಲ್ಲ. ಇದು ನಮ್ಮ ಹೊಟ್ಟೆಯೊಳಗಿನ ಚೀಲ.”

“ಹಂಗಾರೆ ನಮ್ಮ ಹೊಟ್ಟೆ ಒಳಗೆ ಎಮ್ಮೆ ಕೂತದ್ಯೇ. ಅದ್ಕೇ ಎಷ್ಟು ಉಂಡ್ರೂ ಸಾಲೂದಿಲ್ಲ.”

“ಎಷ್ಟು ಉಂಡ್ರೂ ಅಂದ್ರೆ? ನಿಂಗೆ ಯಾರೇ ಅಷ್ಟು ಹಾಕಿದ್ದು?” ಎನ್ನುವಳು ಇನ್ನೊಬ್ಬಳು.

ನಗೆಯಲ್ಲಿ ನನ್ನ ಭಾಷಣ ಮುಗಿಯುತ್ತಿತ್ತು. ಹಾಗೆ ನಕ್ಕವರೇ ಮುಂದಿನ ವರ್ಷ ಮತ್ತೆ ಹೊಟ್ಟೆ ಹೊತ್ತು ಬರುತ್ತಿದ್ದರು. ಹೆರಿಗೆಗಳಿಗೂ ನಮ್ಮ ಕಡೆ ಒಂದು ಹಂಗಾಮು ಇತ್ತು. ಗಂಡಸರು ಮಳೆಗಾಲ ಬಿಟ್ಟರೆ ಮನೆಯಲ್ಲಿ ಇರುತ್ತಿರಲಿಲ್ಲ. ಮೀನಿಗೆ ಹೋಗುವವರು, ಯಕ್ಷಗಾನದ ಆಟದ ಮೇಳದ ಜೊತೆ ತಿರುಗುವವರು, ಘಟ್ಟದ ಮೇಲೆ ಶರಾವತಿಯ ಅಣೆಕಟ್ಟಿನ ಕೆಲಸಕ್ಕೆ ಹೋದವರು, ಎಲ್ಲರೂ ಮಳೆ ಹಿಡಿದ ಮೇಲೆ ಮನೆ ಸೇರುತ್ತಿದ್ದರು. ಅದರ ಫಲವಾಗಿ ಫಾಲ್ಗುಣ, ಚೈತ್ರ ಬಂತೆಂದರೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅನಾಹುತವಾಯಿತು ಎಂದೆನಲ್ಲ, ಆ ಮನೆ ಸೋಮಕ್ಕನದು. ಗುಡ್ಡದ ಬುಡದಲ್ಲಿ, ಗದ್ದೆ ಬಯಲಿನ ಅಂಚಿಗೆ, ಗದ್ದೆ ಕೆಲಸದ ಒಕ್ಕಲು ಜನರ ಒಂದು ಕೊಪ್ಪ, ಕೆಲವೇ ಮನೆಗಳ ಕೇರಿ. ಸೋಮಕ್ಕ ಆ ಕೊಪ್ಪಕ್ಕೇ ಹಿರಿಯಳು. ಮದುವೆಯಿರಲಿ, ನಾಟಿಯಿರಲಿ, ಪದ ಎತ್ತಿಕೊಡುವುದು ಅವಳೇ. ಕೊರಳ ತುಂಬ ಕರಿಮಣಿ, ನೆಟ್ಟಗಿನ ಬೆನ್ನು, ನನ್ನನ್ನು ಸೇರಿಸಿ ಯಾರ ಮಾತಿಗೂ ಬಗ್ಗದ ಕುತ್ತಿಗೆ. ಅವಳ ಸೊಸೆ ಮಾದೇವಿ. ಮಾದೇವಿಯ ದನಿ ಹೇಗಿದೆಯೆಂದು ಬಹಳ ದಿನ ನನಗೆ ಗೊತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಡುತ್ತಿದ್ದಳು. ಗಂಡ ಗಣಪು ಅಣೆಕಟ್ಟಿನ ಕೆಲಸದವನು. ಪ್ರತಿ ಮಳೆಗಾಲದ ಲೆಕ್ಕ ಮಾದೇವಿಯ ಮೈಮೇಲೆ ತೀರುತ್ತಿತ್ತು. ಇಬ್ಬರು ಹೆಣ್ಣುಮಕ್ಕಳು ಉಳಿದಿದ್ದರು, ಎರಡು ಕೂಸು ಹೋಗಿದ್ದವು, ಈಗ ಮತ್ತೆ ಬಸುರಿ. ಕಣ್ಣ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣ ಬಳಿದ ಹಾಗೆ ಬಿಳುಪು. ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಡಾಕ್ಟರು ಅವಳನ್ನು ನೋಡಿ ನನಗೆ ಮಾತ್ರ ಕೇಳುವಂತೆ ಹೇಳಿದ್ದರು: ಮೈಯಲ್ಲಿ ರಕ್ತವೇ ಇಲ್ಲ, ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ಹೋದರೂ ಕುಮಟೆಯ ಆಸ್ಪತ್ರೆ ಮುಟ್ಟುವುದರೊಳಗೆ ಇವಳು ಇರುವುದಿಲ್ಲ. ತಿನ್ನಿಸಿ, ಕುಡಿಸಿ, ಹೆರಿಗೆಯ ಹೊತ್ತಿಗೆ ಒಂದಿಷ್ಟಾದರೂ ಬಲ ಬರಿಸಿ.

ಆಗ ಪರದೇಶದಿಂದ ದೊಡ್ಡ ಪೀಪಾಯಿಗಳಲ್ಲಿ ಹಾಲಿನ ಪುಡಿ ಬರುತ್ತಿತ್ತು. ಬಸುರಿಯರಿಗೆ ಹಂಚುವುದು ನನ್ನ ಕೆಲಸ. ಸೋಮಕ್ಕನ ಮನೆಯಲ್ಲಿ ಒಂದು ದನವಿತ್ತು, ಆದರೆ ಅದು ಕೊಡುವ ಹಾಲು ಹೊನ್ನಾವರದ ಖಾನಾವಳಿಗೆ ಹೋಗುತ್ತಿತ್ತು. ಹಾಗಾಗಿ ಆ ಮನೆಗೆ ಹಾಲು ಎಂದರೆ ನಾನು ಕೊಡುವ ಪುಡಿಯೇ. ಒಂದು ಡಬ್ಬಿ ತುಂಬ ಕೊಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಬೆಳಗ್ಗೆ ಸಂಜೆ ಬಸುರಿಗೆ ಕೊಡಿ, ಬೇರೆ ಯಾರಿಗೂ ಬೇಡ ಎಂದು ಹೇಳಿದೆ. ಸೋಮಕ್ಕ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, “ಆತು ಬಾಯೋರೇ” ಎಂದಳು. ಮುಂದಿನ ಬಾರಿ ಡಬ್ಬಿ ಸಾಕಷ್ಟು ತಗ್ಗಿತ್ತು. ಅದರ ಮುಂದಿನ ಸಲ ಖಾಲಿಯಾಗಿತ್ತು. ನಾನು ಸಂತೋಷಪಟ್ಟು ಮತ್ತೆ ತುಂಬಿಸಿದೆ. ಆದರೆ ಮಾದೇವಿಯ ರೆಪ್ಪೆಗೆ ಕೆಂಪು ಬರಲಿಲ್ಲ. ರಕ್ತಕ್ಕೆಂದು ನಾನು ಕೊಟ್ಟ ಗುಳಿಗೆಗಳನ್ನು ನನ್ನೆದುರೇ ನುಂಗುತ್ತಿದ್ದಳು. ಪುಡಿಯೂ ಮುಗಿಯುತ್ತಿದೆ. ಮತ್ತೇನು ಕಾರಣ ಎಂದು ನಾನು ನನ್ನ ಪಾಠಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ.

ಆ ಕೊಪ್ಪಕ್ಕೆ ನನ್ನ ದಿನ ಮಂಗಳವಾರ. ಸೋಮಕ್ಕನ ಮನೆ ಮುಟ್ಟುವಾಗ ಅವಳ ಅಂಗಳದ ತುಳಸಿಕಟ್ಟೆಯ ನೆರಳು ಮೆಟ್ಟಿಲಿಗೆ ತಾಗಿರುತ್ತಿತ್ತು. ಬಹಳ ದಿನ ಅದು ಹಿಂದೆ ಮುಂದೆ ಆಗಲಿಲ್ಲ. ಹೋಗಿ ಕೂತ ಕೂಡಲೆ ಚಹ. ಅಷ್ಟೂ ಊರುಗಳಲ್ಲಿ ಅಂಥ ಚಹ ಇನ್ನೆಲ್ಲೂ ಇರಲಿಲ್ಲ. ದಪ್ಪ ಹಾಲಿನ ಚಹ, ಮೇಲೆ ತೆಳ್ಳಗೆ ಕೆನೆಯಂಥ ಪದರ. ಮೂರು ನಾಲ್ಕು ಮನೆಗಳ ಕಷಾಯ ಕುಡಿದು ಬಂದವಳಿಗೆ ಅದು ಬೀಫಾತಿಮಾ ಅಜ್ಜಿಯ ಹೊಸ್ತಿಲನ್ನು ನೆನಪಿಸುತ್ತಿತ್ತು. ನಾನು ಲೋಟ ಬರಿದು ಮಾಡುವುದನ್ನು ಸೋಮಕ್ಕ ಎದುರಿಗೆ ಕೂತು ನೋಡುತ್ತಿದ್ದಳು. “ಇನ್ನೊಂದು ಚೂರು ಹಾಕ್ಲಾ?” ಹಾಕಿಸಿಕೊಳ್ಳುತ್ತಿದ್ದೆ. ಖಾನಾವಳಿಗೆ ಕೊಟ್ಟು ಮಿಕ್ಕ ದನದ ಹಾಲಿರಬೇಕು ಎಂದುಕೊಂಡಿದ್ದೆ.

ಒಮ್ಮೆ ಮಂಗಳವಾರ ಹೊನ್ನಾವರದಲ್ಲಿ ಮೇಲಿನವರ ಸಭೆ ಬಂತು. ಕೊಪ್ಪದ ಭೇಟಿಯನ್ನು ಶುಕ್ರವಾರಕ್ಕೆ ಹಾಕಿಕೊಂಡೆ. ನನ್ನ ಕಾರ್ಯಕ್ರಮ ತಪ್ಪಿದ್ದು ಅದೇ ಮೊದಲು. ಅಂಗಳಕ್ಕೆ ಕಾಲಿಟ್ಟರೆ ಮನೆಯವರು ಜಗಲಿಯಲ್ಲಿ ಕೂತು ಚಹ ಕುಡಿಯುತ್ತಿದ್ದರು. ಎಲ್ಲರ ಲೋಟದಲ್ಲೂ ಕರಿ ಚಹ. ಮಾದೇವಿಯ ಲೋಟದಲ್ಲೂ.

ಸೋಮಕ್ಕ ದಡಬಡಿಸಿ ಎದ್ದಳು. “ಅಯ್ಯೋ ಬಾಯೋರೇ, ಇವತ್ತು ನಿಮ್ಮ ದಿನ ಅಲ್ವಲ್ಲ. ಎಂತ ಮಾಡ್ಲಿ ಈಗ? ಕೂತ್ಕಳ್ಳಿ, ಈಗ ಬಂದೆ.” ಒಳಗೆ ಹೋಗಿ ಅಟ್ಟದ ತೊಲೆಗೆ ಬಟ್ಟೆಯಲ್ಲಿ ಗಂಟು ಕಟ್ಟಿ ತೂಗುಹಾಕಿದ್ದ ಏನನ್ನೋ ಇಳಿಸತೊಡಗಿದಳು. ಗಂಟು ಬಿಚ್ಚಿದಾಗ ಹೊರಬಂದದ್ದು ನಾನು ಕೊಟ್ಟ ಹಾಲಿನ ಪುಡಿಯ ಡಬ್ಬಿ.

“ಸೋಮಕ್ಕಾ, ಅದು ಮಾದೇವಿಗೆ ಕೊಟ್ಟಿದ್ದು.”

“ಗೊತ್ತದೆ.”

“ಅವಳಿಗೆ ಕೊಡೂದಿಲ್ವಾ?”

ಸೋಮಕ್ಕ ಹೆಮ್ಮೆಯಿಂದ ನನ್ನ ಮುಖ ನೋಡಿದಳು. “ನಿಮ್ಮ ಹಾಲು ಯಾರೂ ಮುಟ್ಲಿಲ್ಲ ಬಾಯೋರೇ. ಮಕ್ಕಳು ಅತ್ತರೂ ಕೊಡ್ಲಿಲ್ಲ ನಾನು. ನೀವು ಬಂದಾಗ ನಿಮಗೆ, ಡಿಡಿಟಿ ಹೊಡೆಯವ್ರು ಬಂದಾಗ ಅವರಿಗೆ, ಶಾಲೆ ಮಾಸ್ತರು ಬಂದಾಗ ಅವರಿಗೆ. ಮನೆಗೆ ಬಂದವ್ರಿಗೆ ಕರೀ ಚಾ ಕೊಡೂಕಾತದ್ಯಾ?”

ನಾನು ಕೂತುಬಿಟ್ಟೆ. ಮಾದೇವಿಯ ರಕ್ತ ಎಲ್ಲಿ ಹೋಗುತ್ತಿದೆಯೆಂದು ಪಾಠ ತಿರುವಿ ಹಾಕಿದ್ದೆನಲ್ಲ, ಅದು ಈ ಜಗಲಿಯ ಮೇಲೆಯೇ, ಎರಡೆರಡು ಲೋಟದಂತೆ, ನನ್ನ ಹೊಟ್ಟೆಗೆ ಹೋಗುತ್ತಿತ್ತು. ನಾನು ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಿದ್ದೆ. ಸೋಮಕ್ಕ ಅದೇ ಹೊತ್ತಿಗೆ ಸರಿಯಾಗಿ ಹಾಲು ಕಾಯಿಸುತ್ತಿದ್ದಳು. ಮೇಟ್ರನ್ ಬಾಯಿ ಹೇಳಿದ ನಂಬಿಕೆ ಎಂದರೆ ಇದೇ.

ಇನ್ನು ಏನು ಮಾಡಬೇಕು, ನೀವೇ ಹೇಳಿ. ಕುಡಿದರೆ ಬಸುರಿಯ ಬಾಯಿಯ ಹಾಲು. ಬೇಡ ಎಂದರೆ ನಾನೂ ಥರ್ಮಾಸಿನವಳಾಗಿಬಿಡುತ್ತೇನೆ. ನಾಳೆಯಿಂದ ನನ್ನನ್ನೂ ಅಂಗಳದಲ್ಲಿ ನಿಲ್ಲಿಸುತ್ತಾರೆ, ಮಾದೇವಿಗೆ ನೋವು ಬಂದಾಗ ಯಾರೂ ಹೇಳಿಕಳಿಸುವುದಿಲ್ಲ. ರಕ್ತ, ಪೌಷ್ಟಿಕಾಂಶ ಎಂದೆಲ್ಲ ಬಾಯಿ ತೆರೆದೆ. ಸೋಮಕ್ಕ ಹೌದು ಹೌದು ಎಂದು ತಲೆಯಾಡಿಸುತ್ತಲೇ ಪುಡಿಯನ್ನು ಬಿಸಿನೀರಿಗೆ ಹಾಕುತ್ತಿದ್ದಳು. ಆ ಚಮಚದ ಸದ್ದು ಕೇಳುತ್ತ ಕೇಳುತ್ತ ನನಗೆ ಎಷ್ಟು ದಣಿವಾಯಿತೆಂದರೆ, ಮುಂದೆ ಆಡಿದ ಮಾತನ್ನು ನಾನು ಯೋಚಿಸಿ ಆಡಲಿಲ್ಲ.

“ಸೋಮಕ್ಕಾ, ನಂದೊಂದು ಹರಕೆ ಅದೆ. ಬಸುರಿ ಇದ್ದ ಮನೇಲಿ, ಅವಳು ದಿನಾ ಎರಡು ಹೊತ್ತು ಹಾಲು ಕುಡೀಬೇಕು. ನಾನು ಅಲ್ಲಿ ಹಾಲು ಮುಟ್ಟೂಕಿಲ್ಲ. ಕರೀ ಚಾನೇ ಕುಡೀಬೇಕು.”

ಚಮಚ ನಿಂತಿತು. “ಮುಂಚೆ ಕುಡೀತಿದ್ರಲ್ಲ?”

“ಹೊಸ ಹರಕೆ.”

“ಯಾವ ದೇವರಿಗೆ?”

ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. “ಹೆಸರು ಹೇಳೂಕಿಲ್ಲ,” ಎಂದೆ.

“ಹೌದು. ಕೆಲವು ಹಂಗೇ ಇರ್ತದೆ,” ಎಂದು ಸೋಮಕ್ಕ ಗಂಭೀರವಾಗಿ ಒಪ್ಪಿಕೊಂಡಳು. ಸ್ವಲ್ಪ ಯೋಚಿಸಿ ಮತ್ತೆ ಕೇಳಿದಳು: “ನೀವು ಇಲ್ಲದ ದಿನ ಮಾದೇವಿ ಕುಡೀದೆ ಇದ್ರೆ?”

“ನನಗೇ ದೋಷ.”

“ಹಂಗಾರೆ ಕುಡಿಸ್ತೆ. ನಮ್ಮನೆಯಿಂದ ನಿಮಗೆ ದೋಷ ಬರೂದು ಬೇಡ.”

ಕಲಸಿದ್ದ ಹಾಲು ಮಾದೇವಿಯ ಕೈಗೆ ಹೋಯಿತು. ನನ್ನ ಕೈಗೆ ಕರಿ ಚಹ ಬಂತು. ಮಾದೇವಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಪುಡಿ ಗಂಟು ಗಂಟಾಗಿತ್ತು, ಡಬ್ಬಿಯ ವಾಸನೆ ಬೇರೆ. ನಾನೂ ಒಂದು ಗುಟುಕು ಕುಡಿದು ಮುಖ ಕಿವುಚಿದೆ. ನಾವಿಬ್ಬರೂ ಪರಸ್ಪರ ನೋಡಿಕೊಂಡದ್ದು ಅದೇ ಮೊದಲು.

ಆಮೇಲೆ ನಾನು ಏನೂ ಹೇಳುವ ಅಗತ್ಯವಿರಲಿಲ್ಲ. ಸೋಮಕ್ಕನಿಗಿಂತ ಕಟ್ಟುನಿಟ್ಟಿನ ಮೇಟ್ರನ್ನನ್ನು ನಾನು ಹುಬ್ಬಳ್ಳಿಯಲ್ಲೂ ಕಂಡಿರಲಿಲ್ಲ. ಸೊಸೆ ಗದ್ದೆಯಲ್ಲಿದ್ದರೆ ಅಲ್ಲಿಗೇ ಲೋಟ ಹೋಗುತ್ತಿತ್ತು. ತಳದಲ್ಲಿ ಗಂಟು ಉಳಿದಿದ್ದರೆ ಬೆರಳಿನಿಂದ ಬಳಿದು ತಿನ್ನಿಸುತ್ತಿದ್ದಳಂತೆ. ಡಿಡಿಟಿಯವರಿಗೂ ಮಾಸ್ತರರಿಗೂ, “ನಮ್ಮನೇಲಿ ಬಾಯೋರ ಹರಕೆ ನಡೀತಾ ಅದೆ, ನೀವೂ ಕರೀ ಚಾನೇ ಕುಡೀರಿ,” ಎಂದಳು. ನಾಲ್ಕು ದಿನದಲ್ಲಿ ಸುದ್ದಿ ಇಡೀ ಕೊಪ್ಪಕ್ಕೆ ಹಬ್ಬಿ, ಬಸುರಿಯಿದ್ದ ಮನೆ, ಇಲ್ಲದ ಮನೆ ಎನ್ನದೆ ಎಲ್ಲರೂ ಮಂಗಳವಾರ ನನಗೆ ಕರಿ ಚಹವನ್ನೇ ಕೊಡತೊಡಗಿದರು. ಒಬ್ಬಳು ಮುದುಕಿ ನನ್ನ ಲೋಟವನ್ನು ಬಗ್ಗಿ ನೋಡಿ, ಹಾಲಿಲ್ಲ ಎಂದು ಖಚಿತ ಮಾಡಿಕೊಂಡೇ ಮಾತು ಶುರು ಮಾಡುತ್ತಿದ್ದಳು. ಹೊನ್ನಾವರದ ಸಭೆಯಲ್ಲಿ ಡಾಕ್ಟರು, “ಏನು ಸಿಸ್ಟರ್, ಹೊಸ ಸಂಪ್ರದಾಯ ಹುಟ್ಟುಹಾಕಿದ್ದೀರಂತೆ?” ಎಂದು ನಕ್ಕರು. ನಾನು ನಗಲಿಲ್ಲ. ನನಗೆ ಎದೆಯುರಿ.

ಫಾಲ್ಗುಣದ ಒಂದು ಬೆಳಗ್ಗೆ ಹೇಳಿಕಳಿಸಿದರು. ನಾನು ಹೋಗುವಾಗ ಕೊಪ್ಪದ ಸೂಲಗಿತ್ತಿ ಆಗಲೇ ಬಂದು ನೀರು ಕಾಯಿಸಿಟ್ಟಿದ್ದಳು, ಬ್ಲೇಡನ್ನೂ ಕುದಿಸಿಟ್ಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಕೂಸು ಬಂತು, ಗಂಡು. ಅಳುವುದಕ್ಕೆ ತಡಮಾಡಲಿಲ್ಲ. ಆದರೆ ಮಾದೇವಿಯ ರಕ್ತ ನಿಲ್ಲಲು ತಡವಾಯಿತು. ನಾನು ಅವಳ ಹೊಟ್ಟೆಯನ್ನು ಒತ್ತಿ ತಿಕ್ಕುತ್ತ, ಡಾಕ್ಟರು ಕೊಟ್ಟಿದ್ದ ಸೂಜಿ ಹಾಕಿ, ಅವಳ ತುಟಿಯ ಬಣ್ಣವನ್ನೇ ನೋಡುತ್ತ ಕೂತೆ. ಹೊರಗೆ ಸೋಮಕ್ಕ ಎತ್ತಿನ ಗಾಡಿಗೆ ಹೇಳಿ ನಿಲ್ಲಿಸಿದ್ದಳು. ಗಾಡಿಯಲ್ಲಿ ಡಾಂಬರು ರಸ್ತೆಯವರೆಗೆ, ಅಲ್ಲಿಂದ ಬಸ್ಸು ಸಿಕ್ಕಿದರೆ ಕುಮಟೆಗೆ. ಅಷ್ಟು ದೂರ ಇವಳು ಬರುತ್ತಾಳೋ ಇಲ್ಲವೋ. ಕೊನೆಗೆ ಕೈಯಡಿಯಲ್ಲಿ ಹೊಟ್ಟೆ ತೆಂಗಿನಕಾಯಿಯಂತೆ ಗಟ್ಟಿಯಾಯಿತು. ರಕ್ತ ನಿಂತಿತು. ತುಟಿ ಬಿಳುಚಿತ್ತು, ಆದರೆ ಅವಳು ಇದ್ದಳು. ಹೊರಗೆ ಗಾಡಿಯವನು ಎತ್ತುಗಳ ನೊಗ ಇಳಿಸುವ ಸದ್ದು ಕೇಳಿದಾಗ ನಾನು ಸೂಜಿಯನ್ನು ತೊಳೆದು, ಒರೆಸಿ ಡಬ್ಬಿಗೆ ಹಾಕಿದೆ.

ಡಾಕ್ಟರು ಬಂದು ನೋಡಿ ಹೋದರು. ಮತ್ತೆ ನನಗೆ ಮಾತ್ರ ಕೇಳುವಂತೆ: “ಈ ಸಲ ದಾಟಿದಳು. ಬರುವ ವರ್ಷ ಇನ್ನೊಂದಾದರೆ ದಾಟುವುದಿಲ್ಲ.”

ಆಗ ವಂಕಿ ಹೊಸದಾಗಿ ಬಂದಿತ್ತು. ತೋಳಿನ ವಂಕಿಯಂತೆ ಡೊಂಕುಡೊಂಕಾಗಿದ್ದುದರಿಂದ ಹೆಂಗಸರೇ ಅದಕ್ಕೆ ಆ ಹೆಸರಿಟ್ಟಿದ್ದರು. ಗರ್ಭಕೋಶದಲ್ಲಿ ಅದನ್ನು ಇಟ್ಟರೆ ಇರುವಷ್ಟು ದಿನ ಬಸಿರು ನಿಲ್ಲುವುದು ಕಡಿಮೆ, ಬೇಕಾದಾಗ ತೆಗೆಸಬಹುದು. ನಾನು ಹೇಳುವ ಮೊದಲೇ ಅದರ ಬಗ್ಗೆ ಸುದ್ದಿಗಳು ಊರು ಸುತ್ತಿ ಬಂದಿದ್ದವು. ಅದು ಎದೆಗೆ ಹತ್ತುತ್ತದೆ. ಗುಡುಗಿದರೆ ಒಳಗೆ ನಡುಗುತ್ತದೆ. ನಾಮಕರಣಕ್ಕೆ ಘಟ್ಟ ಇಳಿದು ಬಂದ ಗಣಪುವಿಗೆ ನಾನು ಎಲ್ಲ ವಿವರಿಸಿದೆ. ಅವನು ನೆಲ ನೋಡುತ್ತ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: “ಅದು ಹಾಕಿದ್ರೆ ಗದ್ದೆ ಕೆಲಸ ಮಾಡೂಕಾತದ್ಯಾ?” ಆಗುತ್ತದೆ ಎಂದೆ. “ಹಂಗಾರೆ ಅವ್ವಿಯ ಹತ್ರ ಕೇಳಿ” ಎಂದು ಮತ್ತೆ ಕೆಲಸಕ್ಕೆ ಹೋದ. ಮಳೆ ಬಿದ್ದರೆ ಅವನು ತಿರುಗಿ ಬರುತ್ತಾನೆ. ಅಷ್ಟರೊಳಗೆ ಸೋಮಕ್ಕನ ಒಪ್ಪಿಗೆ ಬೇಕು. ಮಂಗಳವಾರದ ಮೇಲೆ ಮಂಗಳವಾರ ಹೋಗುತ್ತಿತ್ತು, ಸೋಮಕ್ಕ ನೋಡೋಣ ಎನ್ನುತ್ತಿದ್ದಳು, ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು.

“ಇದ್ಕೂ ಒಂದು ಹರಕೆ ಹೇಳಿ ಬಾಯೋರೇ. ಆ ವಂಕಿ ಗಿಂಕಿ ಎಂತಕ್ಕೆ?” ಎಂದಳು ಒಂದು ದಿನ.

“ಈ ಹರಕೆ ನಾನು ಹೊತ್ರೆ ಆಗೂದಿಲ್ಲ ಸೋಮಕ್ಕಾ. ನಿಮ್ಮ ಮಗ ಹೊರಬೇಕು. ಮೂರು ವರ್ಷ ಜಗಲಿ ಮೇಲೆ ಮಲಗಬೇಕು.”

ಒಳಗೆ ಕೂಸು ಕೂಗುತ್ತಿತ್ತು, ಮಾದೇವಿ ಕೊಟ್ಟಿಗೆಯಿಂದ ಗೊಬ್ಬರದ ಕೈ ತೊಳೆದುಕೊಂಡು ಓಡಿಬಂದು ಎತ್ತಿಕೊಂಡಳು.

“ಅಂವ ಹೊರೂದಿಲ್ಲ,” ಎಂದಳು ಸೋಮಕ್ಕ. “ಅಂವನ ಅಪ್ಪನೂ ಹೊರಲಿಲ್ಲ. ಒಂದಾದ ಮೇಲೆ ಒಂದು, ಹೆತ್ತದ್ದು ಎಷ್ಟು, ಮಣ್ಣಿಗೆ ಹಾಕಿದ್ದು ಎಷ್ಟು ಅಂತ ನಂಗೂ ಈಗ ಮರ್ತೋಗ್ತದೆ. ಆತು, ಹಾಕ್ಸಿ. ಎದೆಗೆ ಹತ್ತಿದ್ರೆ ನಿಮ್ಮನ್ನೇ ಕೇಳ್ತೆ.”

ಕುಮಟೆಯ ಆಸ್ಪತ್ರೆಗೆ ಮಾದೇವಿಯನ್ನೂ ಕೂಸನ್ನೂ ನಾನೇ ಕರೆದುಕೊಂಡು ಹೋದೆ. ಹೆಣ್ಣುಮಕ್ಕಳಿಬ್ಬರೂ ಸೋಮಕ್ಕನ ಹತ್ತಿರ ಉಳಿದರು. ಡಾಕ್ಟರಮ್ಮ ಮಾದೇವಿಯ ರೆಪ್ಪೆ ಎಳೆದು ನೋಡಿ ಅಡ್ಡಿಯಿಲ್ಲ ಎಂದರು. ಕೆಲಸ ಬೇಗ ಮುಗಿಯಿತು. ಹೊರಗೆ ಬೆಂಚಿನ ಮೇಲೆ ಕೂರಿಸಿಕೊಂಡು ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಒಂದೆರಡು ತಿಂಗಳು ಮುಟ್ಟು ಹೆಚ್ಚು ಹೋಗಬಹುದು, ಹೆದರಬೇಡ, ಆದರೆ ನನಗೆ ತಿಳಿಸು. ಹೊಟ್ಟೆ ನೋವು, ಜ್ವರ ಬಂದರೆ ಅದೇ ದಿನ ಹೇಳಿಕಳಿಸು. ಗುಳಿಗೆ ಬಿಡಬೇಡ. ತಾನಾಗಿ ಬಿದ್ದುಹೋದರೆ ಮುಚ್ಚಿಡಬೇಡ. ಅವಳು ಮಗುವಿಗೆ ಹಾಲು ಕೊಡುತ್ತ ಕೇಳಿಸಿಕೊಂಡಳು.

“ಎಂತಾದ್ರೂ ಕೇಳೂದದ್ಯಾ?” ಎಂದೆ. ಎಲ್ಲರಿಗೂ ಕೊನೆಗೆ ಕೇಳುವ ಪ್ರಶ್ನೆ. ಯಾರೂ ಏನೂ ಕೇಳುತ್ತಿರಲಿಲ್ಲ.

ಮಾದೇವಿ ಕೇಳಿದಳು. ಅವಳ ದನಿ ನಾನು ತಿಳಿದದ್ದಕ್ಕಿಂತ ದಪ್ಪಗಿತ್ತು. “ಇವತ್ತು ಹೋದ ಮೇಲೆ ಗೊಬ್ಬರ ಹೊರೂಕೆ ಹೋಗ್ಬೇಕಾ?”

“ಬೇಡ. ಇವತ್ತು ಮಲಗು.”

“ಅದನ್ನ ಅತ್ತೆಗೆ ನೀವೇ ಹೇಳಿ.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿ, ಮಗುವನ್ನು ನಾನು ತೆಗೆದುಕೊಂಡೆ. ಕುಮಟೆ ದಾಟುವುದರೊಳಗೆ ಅವಳ ತಲೆ ನನ್ನ ಹೆಗಲಿಗೆ ಬಂತು. ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ ಎಂದರೆ ನಿದ್ದೆ. ಬಸ್ಸು ಹೊಂಡಕ್ಕೆ ಬಿದ್ದು ಎದ್ದರೂ ಅವಳಿಗೆ ತಿಳಿಯಲಿಲ್ಲ. ಎಷ್ಟು ವರ್ಷದ ನಿದ್ದೆಯೋ ಏನೋ. ನನ್ನ ತೋಳು ಜೋಮು ಹಿಡಿಯಿತು. ಸರಿದು ಕೂರಲಿಲ್ಲ.

ಕೊಪ್ಪದ ದಾರಿ ಒಡೆಯುವಲ್ಲಿ ಬಸ್ಸು ನಿಂತಿತು. “ಇಳೀರಿ, ಇಳೀರಿ,” ಎಂದ ಕಂಡಕ್ಟರು. ರಸ್ತೆಯ ಬದಿಯಲ್ಲಿ ಸೋಮಕ್ಕ ಮೊಮ್ಮಕ್ಕಳಿಬ್ಬರನ್ನೂ ಹಿಡಿದುಕೊಂಡು ನಿಂತಿದ್ದಳು. ಖಾಲಿ ಗೊಬ್ಬರದ ಬುಟ್ಟಿ ಪಕ್ಕದಲ್ಲಿತ್ತು. ನಾನು ಮಾದೇವಿಯ ಭುಜ ಮುಟ್ಟಲು ಕೈ ಎತ್ತಿದೆ. ಅಷ್ಟರಲ್ಲಿ ಸೋಮಕ್ಕ ಕಿಟಕಿಯ ಹತ್ತಿರ ಬಂದು, ಕಾಲ ತುದಿಯಲ್ಲಿ ನಿಂತು, ಸರಳಿನ ನಡುವಿನಿಂದ ಸೊಸೆಯ ಮುಖ ನೋಡಿದಳು.

“ಎಬ್ಬಿಸ್ಲಾ?” ಎಂದು ನಾನು ಮೆಲ್ಲಗೆ ಕೇಳಿದೆ.

“ಈ ಬಸ್ಸು ಎಲ್ಲಿವರೆಗೆ ಹೋತದೆ?”

“ಹೊನ್ನಾವರ.”

“ತಿರುಗಿ ಬರೂಕೆ ಬಸ್ಸು ಅದ್ಯಾ?”

“ಸಂಜೆಗೆ ಅದೆ.”

“ಹಂಗಾರೆ ಹೋಗ್ಲಿ ಬಿಡಿ,” ಎಂದಳು ಸೋಮಕ್ಕ. ಮಗುವನ್ನು ಕೊಡಿ ಎಂದು ಕೈಚಾಚಿದವಳು ಏನೋ ಯೋಚಿಸಿ ಕೈ ಹಿಂದಕ್ಕೆ ತೆಗೆದುಕೊಂಡಳು. “ಕೂಸು ಕೂಗಿದ್ರೆ ಮಾತ್ರ ಎಬ್ಬಿಸಿ.” ಆಮೇಲೆ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರಿಗೆ ಹೇಳಿದಳು: “ಎಂತ ನೋಡ್ತಾ ನಿಂತಿ? ಯಾರೂ ಇಳಿಯೂದಿಲ್ಲ ಇಲ್ಲಿ. ಗಂಟೆ ಹೊಡಿ.”

ಕಂಡಕ್ಟರು ಗಂಟೆ ಹೊಡೆದ. ನನಗೆ ಆ ದಿನ ಮಧ್ಯಾಹ್ನದ ಮೇಲೆ ಇನ್ನೂ ಎರಡು ಊರಿಗೆ ಹೋಗುವುದಿತ್ತು. ಎರಡು ಕಡೆಯೂ ಹೊತ್ತು ಹೇಳಿಯಾಗಿತ್ತು. ಬಸ್ಸು ಹೊರಟಿತು. ಸೋಮಕ್ಕ ಬುಟ್ಟಿಯನ್ನು ತಲೆಗಿಟ್ಟುಕೊಂಡು ಮೊಮ್ಮಕ್ಕಳ ಜೊತೆ ಗದ್ದೆಗೆ ಇಳಿಯುವುದು ಕಂಡಿತು. ಮಾದೇವಿ ಹೊನ್ನಾವರದವರೆಗೂ ಏಳಲಿಲ್ಲ.